ಅಮಾವಾಸ್ಯೆಯ ರೀಚಾರ್ಜು

ತಂಗಡಗಿಯ ಬಾಳವ್ವ ಅಮಾವಾಸ್ಯೆಗೊಮ್ಮೆ ಮುದ್ದೇಬಿಹಾಳದ ರೀಚಾರ್ಜ್ ಅಂಗಡಿಗೆ ಬಂದರೆ ಬಸ್‌ಸ್ಟ್ಯಾಂಡಿನವರೆಗೂ ಬೈಗುಳ ಕೇಳುತ್ತದೆ. "ನಾ ಯಾರಿಗೂ ಫೋನ್ ಹಚ್ಚಂಗಿಲ್ಲ. ಬಂದದ್ದ ಎತ್ತಾಕೂ ರೊಕ್ಕ ಏನೋ? ನಾಳಿ ಬಾಗಲಾ ಬಡದ್ರ ತೆಗಿಯಾಕೂ ಕೇಳ್ತೀರೇನ?" "ಕಂಪನಿ ತಿಂಗಳಿಗಿ ಇಪ್ಪತ್ತೆಂಟ ದಿನ, ಆಯಿ," ಎಂದು ಅಂಗಡಿಯ ಆಸಿಫ ಗೊಣಗಿದರೆ ಇನ್ನೂ ಕೆರಳುತ್ತಾಳೆ: "ತಿಂಗಳಂದ್ರ ಅಮಾಸಿಯಿಂದ ಅಮಾಸಿಗಿ!" ಹಾಗಾಗಿ ಪ್ರತಿ ಅಮಾವಾಸ್ಯೆಗೆ ಒಂದೆರಡು ದಿನ ಮೊದಲೇ ಆಕೆಯ ಫೋನಿಗೆ ಕರೆ ಬರುವುದು ನಿಲ್ಲುತ್ತದೆ. ಸರದಿಯಲ್ಲಿ ನಿಂತ ನಾವು ನಗುತ್ತಿದ್ದೆವು. ಮೊನ್ನೆ ಆಕೆ ಫೋನನ್ನು ಗಾಜಿನ ಮೇಲೆ ಕುಕ್ಕಿದಳು. "ಹೋದ ಅಮಾಸಿಗಿ ಎರಡ ದಿನ ಮೊದಲ, ಫೋನ್ ಬಂದ್ ಇದ್ದಾಗ, ಸಿಂದಗ್ಯಾಗ ನಮ್ಮಕ್ಕ ಸಾಯಾಕತ್ತಿದ್ಲು. ನನಗ ಹಚ್ಚೇ ಹಚ್ಚಿದ್ಲಂತ. ನೀ ಚಾಲೂ ಮಾಡಿದ ಮ್ಯಾಲ ಬಂದ ಮೊದಲ ಫೋನ್, ಅಕ್ಕನ ಮಣ್ಣ ಆತು ಅಂತ. ರೊಕ್ಕ ಎಷ್ಟರ ತಗೊಳ್ಳಲಿ. ಆ ಎರಡ ದಿನ ವಾಪಸ್ ಕೊಡ ಅನ್ನು ನಿನ್ನ ಕಂಪನಿಗಿ!"