ಸತ್ತ ಕಾರ್ಡಿನ ನಂಬರ್

"ಇದನ್ನ ಚಾಲೂ ಮಾಡಿದ್ರ ಅದ್ರ ನೆಟ್ ಹೋಗ್ತೈತೆ," ಎಂದು ಮಾಲೀಕರು ಎರಡು ಕಂಪ್ಯೂಟರುಗಳ ನಡುವೆ ತಲೆ ಹಿಡಿದು ಕುಳಿತರು. ರಾಯದುರ್ಗದ ಆ ಜೀನ್ಸ್ ಕಾರ್ಖಾನೆಯಲ್ಲಿ ನಾನು ದಾರ ಕತ್ತರಿಸುವವಳು. ಎರಡೂ ಒಟ್ಟಿಗೆ ನಡೆಯದೆ, ಬಟ್ಟೆಗೆ ಅಂಟಿಸುವ ಚೀಟಿ ಅಚ್ಚಾಗದೆ ಲಾರಿ ಬಾಗಿಲಲ್ಲೇ ನಿಂತಿತ್ತು.

ರಿಪೇರಿಗೆ ಬಂದ ಹುಡುಗಿ ನಕ್ಕಳು. "ಕಂಪ್ಯೂಟರ್ ಒಳಗಿನ ನೆಟ್ ಕಾರ್ಡಿಗೆ ಹುಟ್ಟಿದಾಗ್ಲೇ ಒಂದು ನಂಬರ್ ಇರ್ತೈತ್ರಿ. ಹಳೇದು ಸತ್ತಾಗ ಅದ್ರ ನಂಬರ್ ಯಾರೋ ಹೊಸದಕ್ಕ ಇಟ್ಟಾರ. ಈಗ ಹಳೇದೂ ರಿಪೇರಿಯಾಗಿ ಎದ್ದು ಕುಂತೈತೆ. ಒಂದೇ ನಂಬರಿಗೆ ಎರಡೂ ಓಗೊಟ್ರ ನೆಟ್ ಯಾವುದಕ್ಕ ಹೋಗ್ಬೇಕ್ರಿ?"

ಹೊಸದಕ್ಕೆ ಅದರ ಸ್ವಂತ ನಂಬರನ್ನೇ ಮರಳಿಸಿದಳು. ಎರಡೂ ನಡೆದವು, ಲಾರಿ ಹೊರಟಿತು.

ನಾವೂ ಸತ್ತವರ ಹೆಸರನ್ನೇ ಕೂಸಿಗೆ ಇಡುವವರು. ಅಂದು ಸಂಜೆ ಹೊಸ್ತಿಲಲ್ಲಿ ನಿಂತು ಮೊಮ್ಮಗಳನ್ನು ಕೂಗಲು ಹೋದರೆ ಬಾಯಿ ತಡೆಯಿತು. ಅವಳದು ತೀರಿಹೋದ ನನ್ನ ಅತ್ತೆಯ ಹೆಸರು. ಮೆಲ್ಲಗೆ ಕೂಗಿದೆ. ಮಗು ಓಗೊಟ್ಟಿತು. ಇನ್ನೊಂದು ದನಿಗಾಗಿ ಸ್ವಲ್ಪ ಹೊತ್ತು ಕಾದೆ.