ಬೀಸುಕಲ್ಲು ವಿಶ್ವವಿದ್ಯಾಲಯಕ್ಕೆ ಬಂದ ದಿನ

ವಿಶ್ವವಿದ್ಯಾಲಯದಲ್ಲಿ ನನ್ನ ಕೆಲಸವೇನೆಂದು ಕೇಳಿದವರಿಗೆ ಒಂದೇ ಮಾತಿನಲ್ಲಿ ಹೇಳುವುದು ಇವತ್ತಿಗೂ ನನಗೆ ಕಷ್ಟ. ನಮ್ಮಲ್ಲಿ ಕ್ರೈಸ್ತ ಕಲೆಗಳಿಗೆಂದೇ ಒಂದು ದತ್ತಿನಿಧಿ ಇದೆ. ಹಾಡು, ನಾಟಕ, ಚಿತ್ರ ಯಾವುದಾದರೂ ಸರಿ, ಕಲಿಸುವವರಿಗೆ ವರ್ಷಕ್ಕೊಮ್ಮೆ ಅದರಿಂದ ಅನುದಾನ ಹೋಗುತ್ತದೆ. ಅರ್ಜಿ ಕರೆಯುವುದು, ಬಂದದ್ದನ್ನು ಓದಿ ಸಮಿತಿಯ ಮುಂದಿಡುವುದು, ಒಪ್ಪಿಗೆಯಾದ ಕಾರ್ಯಕ್ರಮ ಸರಿಯಾಗಿ ನಡೆಯುವಂತೆ ನೋಡಿಕೊಳ್ಳುವುದು ನನ್ನ ಪಾಲು. ನಾನು ವಡಗಾವಿಯ ನೇಕಾರರ ಮನೆಯವಳು. ಈ ಹುದ್ದೆಗೆ ಹಾಕಿದಾಗ ಚರ್ಚಿನೊಳಗೆ ಒಮ್ಮೆಯೂ ಕಾಲಿಟ್ಟಿರಲಿಲ್ಲ. ಊರಿನ ದಂಡುಪ್ರದೇಶವಾದ ಕ್ಯಾಂಪಿನ ಚರ್ಚುಗಳ ಹಿಂದಿನ ಬೆಂಚಿನಲ್ಲಿ ಕುಳಿತು, ಯಾವಾಗ ಏಳಬೇಕು, ಯಾವಾಗ ಕೂಡಬೇಕು ಎಂದು ಪಕ್ಕದವರನ್ನು ನೋಡಿ ಕಲಿತೆ.

ಆ ವರ್ಷ ಬಂದ ಅರ್ಜಿಗಳೆಲ್ಲ ಒಂದೇ ಅಚ್ಚಿನವು, ಒಂದರ ಹೊರತು. ಖಾನಾಪುರದ ಆಚೆಯ ಸಣ್ಣ ಊರೊಂದರ ಫಾದರ್ ಗೆರೆ ಹಾಳೆಯ ಮೇಲೆ ಹತ್ತು ಸಾಲು ಬರೆದು ಕಳಿಸಿದ್ದರು. ತಮ್ಮ ಚರ್ಚಿನ ಒಬ್ಬ ಮುದುಕಿ ಯೇಸುವಿನ ಕತೆಯನ್ನೆಲ್ಲ ಬೀಸುವ ಪದಗಳಲ್ಲಿ ಹಾಡುತ್ತಾಳೆ, ಆಕೆಯ ನಂತರ ಅದನ್ನು ಬಲ್ಲವರಿಲ್ಲ, ಕಲಿಯುವವರನ್ನು ಕಳಿಸಿಕೊಡಿ ಎಂದಷ್ಟೇ ಅದರಲ್ಲಿತ್ತು. ಕೇಳಿದ್ದು ಹಣವನ್ನಲ್ಲ, ಕಲಿಯುವವರನ್ನು.

ಮುಂದಿನ ವಾರವೇ ಖಾನಾಪುರಕ್ಕೆ ರೈಲಿನಲ್ಲಿ ಹೋಗಿ, ಅಲ್ಲಿಂದ ಟೆಂಪೊ ಹಿಡಿದೆ. ಊರವರೆಲ್ಲ ಆಯಿ ಎಂದು ಕರೆಯುವ ಆ ಮುದುಕಿಯ ಮನೆ ಚರ್ಚಿನ ಹಿಂದೆಯೇ ಇತ್ತು. ಎಪ್ಪತ್ತರ ಆಸುಪಾಸಿನ ಗಟ್ಟಿ ಹೆಂಗಸು, ಪಡಸಾಲೆಯಲ್ಲಿ ನಾಚಣಿ, ಅಂದರೆ ರಾಗಿ, ಹಸನು ಮಾಡುತ್ತಿದ್ದಳು. ನಾನು ಬಂದ ಕಾರಣ ಕೇಳಿ ಆಕೆಗೆ ನಗು ಬಂತು.

"ಇದೇನ ಕಲಾ ಅಲ್ರೀ ಬಾಯಾರ, ಬ್ಯಾಸರ ಕಳಿಯಾಕ ಹಾಡೂದು," ಎಂದಳು.

ಆಯಿಯ ತಾಯಿ ಕಿತ್ತೂರು ಕಡೆಯ ಕನ್ನಡದ ಹುಡುಗಿ. ಮದುವೆಯಾಗಿ ಬಂದದ್ದು ಮರಾಠಿ ಮಾತಾಡುವ ಮನೆಗೆ. ಅತ್ತೆಯ ಜೊತೆ ಮಾತಿಗೇ ದಿಕ್ಕಿಲ್ಲದ ಕಾಲದಲ್ಲಿ, ಚರ್ಚಿನಲ್ಲಿ ಕೇಳಿದ ಕತೆಗಳನ್ನು ಆಕೆ ಬೀಸುತ್ತ ಹಾಡತೊಡಗಿದಳಂತೆ. ಒಂದು ನುಡಿ ಕನ್ನಡದಲ್ಲಿ, ಎದುರು ಕುಳಿತು ಬೀಸುಕಲ್ಲಿನ ಗೂಟ ಹಿಡಿದ ಅತ್ತೆಗೂ ತಿಳಿಯಲೆಂದು ಅದರ ಬೆನ್ನಿಗೇ ಇನ್ನೊಂದು ಮರಾಠಿಯಲ್ಲಿ. ಹಾಗೆ ಹುಟ್ಟಿದ ಪದಗಳನ್ನು ಮಗಳು ಅದೇ ಗೂಟ ಹಿಡಿದು ಕಲಿತಿದ್ದಳು. ಆಯಿ ಕಲ್ಲಿನ ಮುಂದೆ ಕುಳಿತು ಒಂದನ್ನು ಹಾಡಿದಳು. ಮರಿಯಮ್ಮ ಬೀಸುತ್ತಿರುವಾಗ ದೇವದೂತ ಬಂದು ಬಾಗಿಲಲ್ಲಿ ನಿಂತಿದ್ದಾನೆ. ಆಕೆ ಏಳುವುದಿಲ್ಲ.

ಕುಂದರೊ ದೂತಪ್ಪ, ಮುಗಿದಿಲ್ಲ ಬೀಸೂದು
ಹಿಟ್ಟಾದ ಮ್ಯಾಲ ನಿನ ಮಾತು ಕೇಳೇನು
ಹಸದವರು ಬಂದಾರ ಬಾಗಲಿಗೆ

ಆ ಮಧ್ಯಾಹ್ನ ನಾನು ನಾಚಣಿ ರೊಟ್ಟಿ ಉಂಡು, ಪುಸ್ತಕದ ತುಂಬ ಪದ ಬರೆದುಕೊಂಡು ಹಿಂತಿರುಗಿದೆ. ಇಷ್ಟು ಒಳ್ಳೆಯ ಅರ್ಜಿ ನನ್ನ ಕೈಗೆ ಹಿಂದೆಂದೂ ಬಂದಿರಲಿಲ್ಲ ಎಂಬ ಖುಷಿ ಬೇರೆ.

ಸಮಿತಿ ಅದನ್ನು ತಿರಸ್ಕರಿಸಿತು. ಭಾಷೆ ಯಾವುದೆಂದು ಸ್ಪಷ್ಟವಿಲ್ಲ, ಕಲಿಸುವವರಿಗೆ ತರಬೇತಿಯಿಲ್ಲ ಎಂದರು. ಸಂಗೀತದ ತಜ್ಞರಾಗಿ ಇದ್ದವರು ಕ್ಯಾಂಪಿನಲ್ಲಿ ಬಹಳ ವರ್ಷ ಚರ್ಚಿನ ಗಾಯಕವೃಂದ ನಡೆಸಿದ ಮೇಷ್ಟ್ರು, ಮಾತು ಕಡಿಮೆ, ಶಿಸ್ತು ಹೆಚ್ಚು. ಸ್ವರಲಿಪಿ ಇಲ್ಲದ ಹಾಡನ್ನು ಕಲಿಸಲು ಬರುವುದಿಲ್ಲ ಎಂದು ಕಡತದಲ್ಲಿ ಬರೆದು ಸಹಿ ಹಾಕಿದ್ದರು. ನನಗೆ ಸಿಟ್ಟು ಬಂದದ್ದು ಅವರ ಮೇಲಲ್ಲ, ನನ್ನ ಮೇಲೆಯೇ. ಕಿವಿಗೆ ಸೇರಿದ್ದನ್ನು ನಾನು ಕಾಗದದಲ್ಲಿ ತೋರಿಸಲು ಹೊರಟಿದ್ದೆ. ಅಧ್ಯಕ್ಷರ ಕೋಣೆಗೆ ಹೋಗಿ, ಒಂದು ಸಲ ಆಯಿಯನ್ನು ಕರೆಸಿ ಕೇಳಿ, ಆಮೇಲೆ ಬೇಡವೆಂದರೆ ನಾನು ಮತ್ತೆ ಬಾಯಿ ತೆಗೆಯುವುದಿಲ್ಲ ಎಂದೆ. ಅವರು ಮುಂದಿನ ಸಭೆಯ ದಿನ ಊಟದ ನಂತರ ಹತ್ತು ನಿಮಿಷ ಕೊಟ್ಟರು.

ಆ ದಿನ ಆಯಿ ತನ್ನ ಓರಗೆಯ ಇಬ್ಬರು ಹೆಂಗಸರನ್ನು ಕರೆದುಕೊಂಡು ಬೆಳಗಿನ ರೈಲಿಗೇ ಬಂದಳು. ನನ್ನ ಕೋಣೆಯಲ್ಲಿ ಕೂರಿಸಿ, ಒಮ್ಮೆ ಹಾಡಿ ನೋಡಿ ಎಂದೆ. ಆಯಿ ಬಾಯಿ ತೆರೆದಳು, ಮೊದಲ ಸಾಲಿಗೇ ನಿಂತಳು. ಮತ್ತೆ ಶುರು ಮಾಡಿದಳು, ಮತ್ತೆ ನಿಂತಳು. ಎದೆಯ ಮೇಲೆ ಕೈಯಿಟ್ಟುಕೊಂಡು ನನ್ನನ್ನು ನೋಡಿ, "ಕೈಯಾಗ ಗೂಟ ಇಲ್ದ ಪದ ಬರವಲ್ವು, ತಂಗಿ," ಎಂದಳು. ಬೀಸುಕಲ್ಲು ಬೇಕಾದೀತೆಂದು ನನಗೇಕೆ ಹೊಳೆಯಲಿಲ್ಲವೋ.

ಆಟೊ ಹಿಡಿದು ವಡಗಾವಿಗೆ ಓಡಿದೆ. ನಮ್ಮ ಕಲ್ಲು ಮಗ್ಗದ ಹಿಂದಿನ ಮೂಲೆಯಲ್ಲಿ ನೂಲಿನ ಚೀಲಗಳ ಕೆಳಗೆ ಸಿಕ್ಕಿಕೊಂಡಿತ್ತು. ಅವ್ವ ಯಾಕೆ, ಏನು ಎಂದು ಕೇಳಲಿಲ್ಲ. ಚೀಲ ಸರಿಸಿ, ಒದ್ದೆ ಅರಿವೆಯಿಂದ ಕಲ್ಲು ಒರೆಸಿ, ಒಂದು ಡಬ್ಬಿಯಲ್ಲಿ ಜೋಳ ತುಂಬಿ ಕೈಗಿಟ್ಟಳು. "ಖಾಲಿ ಕಲ್ಲ ತಿರಗಸಬಾರ್ದು," ಎಂದಳು. ಆಟೊದವನು ಕೆಳಗಿನ ಕಲ್ಲು ಹೊತ್ತ, ಮೇಲಿನದನ್ನು ನಾನು ಹೊಟ್ಟೆಗೆ ಅವುಚಿಕೊಂಡೆ. ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತುವಾಗ ಎದುರಾದ ಸಹೋದ್ಯೋಗಿಗಳೆಲ್ಲ ಬದಿಗೆ ಸರಿದು ದಾರಿ ಬಿಟ್ಟರು.

ಸಭಾಕೋಣೆಯ ನೆಲಕ್ಕೆ ಪೇಪರು ಹಾಸಿ ಕಲ್ಲು ಹೂಡಿದೆವು. ಆಯಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಿಡಿ ಜೋಳ ಹಾಕಿ, ಗೂಟ ಹಿಡಿದಳು. ಕಲ್ಲು ಗುರುಗುಟ್ಟಿತು. ಬೆಳಿಗ್ಗೆ ಗಂಟಲಲ್ಲೇ ಸಿಕ್ಕಿಕೊಂಡಿದ್ದ ದನಿ ಈಗ ಕೋಣೆ ತುಂಬಿ ಹೊರಗಿನ ಪಡಸಾಲೆಗೂ ಹೋಯಿತು. ಎದುರು ಕುಳಿತವರಿಬ್ಬರೂ ದನಿಗೂಡಿಸಿದರು. ದೇವದೂತನನ್ನು ಕಾಯಿಸಿದ ಪದ ಬಂದಾಗ ಅಧ್ಯಕ್ಷರು ತಡೆಯಲಾರದೆ ನಕ್ಕುಬಿಟ್ಟರು. ಅದರ ಹಿಂದೆಯೇ ಬಂದದ್ದು ಶಿಲುಬೆಯ ಕೆಳಗೆ ನಿಂತ ತಾಯಿಯ ಪದ. ಆಗ ಯಾರೂ ನಗಲಿಲ್ಲ. ಹತ್ತು ನಿಮಿಷ ಯಾವಾಗಲೋ ಮುಗಿದಿತ್ತು, ಗಡಿಯಾರ ನೋಡಿದವರಿಲ್ಲ.

ಹಾಡು ನಿಂತಾಗ ಮೇಷ್ಟ್ರು ಕುರ್ಚಿ ಬಿಟ್ಟು ಎದ್ದು ಬಂದು, ಇಸ್ತ್ರಿ ಮಾಡಿದ ಪ್ಯಾಂಟಿನಲ್ಲೇ ನೆಲದ ಮೇಲೆ ಕುಳಿತರು. ಕಲ್ಲು ಒಂದು ಸುತ್ತು ಬರುವುದರಲ್ಲಿ ಎಷ್ಟು ಮಾತ್ರೆ ಆಗುತ್ತವೆ ಎಂದು ಕೇಳಿದರು.

"ಮಾತ್ರಿ ನನಗ ತಿಳಿಯೂದಿಲ್ರೀ," ಎಂದಳು ಆಯಿ. "ಗೂಟ ಹಿಡೀರಿ, ಕೈಗೇ ತಿಳಿತೈತಿ."

ಅವರು ಹಿಡಿದರು. ಮೊದಮೊದಲು ಕಲ್ಲು ತಡೆತಡೆದು ತಿರುಗಿತು, ಆಯಿ ಹಾಡುತ್ತಲೇ ಅವರ ಕೈಯನ್ನು ದಾರಿಗೆ ತಂದಳು. ನಾಲ್ಕನೆಯ ನುಡಿಯ ಹೊತ್ತಿಗೆ ಮೇಷ್ಟ್ರ ಕಣ್ಣು ಮುಚ್ಚಿತ್ತು, ತುಟಿ ಅಲ್ಲಾಡುತ್ತಿತ್ತು. ಕೊನೆಗೆ ಹಿಟ್ಟಿನ ಕೈಯಲ್ಲೇ ಎದ್ದು ನಿಂತು ಅಧ್ಯಕ್ಷರಿಗೆ ಹೇಳಿದರು:

"ಸರ್, ಕಲಸಾಕ ಬರೂದಿಲ್ಲಂತ ಬರದಾಂವ ನಾನಽ. ಅದನ್ನ ಹೊಡದ ಹಾಕ್ರಿ. ಸ್ವರಲಿಪಿ ನಾ ಬರೀತೀನಿ, ಇವರು ಕಲಸ್ಲಿ. ಮೊದಲ್ನೇ ವಿದ್ಯಾರ್ಥಿ ಅಂತ ನನ್ನ ಹೆಸರು ಹಾಕ್ರಿ."

ವಿರೋಧಿಸಿದವರು ಒಬ್ಬರೂ ಇರಲಿಲ್ಲ. ಭಾಷೆಯ ಕಾಲಂನಲ್ಲಿ ಅಧ್ಯಕ್ಷರೇ ಕನ್ನಡ, ಮರಾಠಿ ಎರಡನ್ನೂ ಬರೆದರು. ನಾನು ಹೊರಗೆ ಬಂದು ಕಿಟಕಿಯ ಬಳಿ ನಿಂತು ಅತ್ತೆ. ಅಷ್ಟು ಹಗುರಾಗಿ ನಾನು ಅತ್ತದ್ದೇ ಇಲ್ಲ.

ಮುಂದಿನ ಮೂರು ತಿಂಗಳು ಪ್ರತಿ ಶನಿವಾರ ನಮ್ಮ ವಿದ್ಯಾರ್ಥಿಗಳು ಖಾನಾಪುರದಾಚೆಯ ಆಯಿಯ ಊರಿಗೆ ಹೋದರು. ಜಿಮ್ಮಿನಲ್ಲಿ ಭಾರ ಎತ್ತುವ ಹುಡುಗರು ಅರ್ಧ ಸೇರು ಬೀಸುವುದರಲ್ಲಿ ಸೋತು ಕೂತದ್ದನ್ನು ಆಯಿ ಎಲ್ಲರಿಗೂ ಹೇಳಿಕೊಂಡು ನಕ್ಕಳು. ಮೇಷ್ಟ್ರು ಒಂದು ವಾರವೂ ತಪ್ಪಿಸಲಿಲ್ಲ. ಕ್ರಿಸ್‌ಮಸ್ಸಿಗೆ ಮುಂಚಿನ ಭಾನುವಾರ ಮಧ್ಯಾಹ್ನ, ಕ್ಯಾಂಪಿನ ಚರ್ಚಿನ ಸಭಾಂಗಣದಲ್ಲಿ ಆರು ಬೀಸುಕಲ್ಲುಗಳು ಸಾಲಾಗಿ ಕೂತವು. ಹಿಂದೆ ಗಾಯಕವೃಂದ ಮೆಲ್ಲಗೆ ಗುಂಯ್‌ಗುಡುತ್ತ ನಿಂತಿತು, ಮುಂದೆ ಆಯಿಯ ದನಿ. ಕೂರಲು ಜಾಗ ಸಾಲದೆ ಜನ ಬಾಗಿಲಾಚೆ ನಿಂತು ಕೇಳಿದರು. ನಮ್ಮ ಓಣಿಯ ಹೆಂಗಸರನ್ನು ಕಟ್ಟಿಕೊಂಡು ಬಂದಿದ್ದ ಅವ್ವ ನನ್ನ ಕಿವಿಯಲ್ಲಿ, ಧಾಟಿ ನಮ್ಮದೇ, ದೇವರ ಹೆಸರಷ್ಟೇ ಬೇರೆ ಎಂದಳು. ಆಮೇಲೆ ಎದ್ದು ಹೋಗಿ, ಒಬ್ಬ ದಣಿದ ಹುಡುಗಿಯನ್ನು ಎಬ್ಬಿಸಿ, ತಾನೇ ಗೂಟ ಹಿಡಿದು ಕುಳಿತಳು.

ಚಪ್ಪಾಳೆ ನಿಲ್ಲುವ ಹೊತ್ತಿಗೆ ರೈಲಿಗೆ ತಡವಾಗುತ್ತಿತ್ತು. ಆಯಿಯನ್ನೂ ಆಕೆಯ ಜೊತೆಯ ಹೆಂಗಸರನ್ನೂ ನಾನೇ ಸ್ಟೇಶನ್ನಿಗೆ ಕರೆದೊಯ್ದೆ. ಆಯಿಯ ದನಿ ಪೂರ್ತಿ ಕುಳಿತುಹೋಗಿತ್ತು. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕಾಲು ನೀಡಿ, ಕೂದಲಿಗೆ ಹತ್ತಿದ ಹಿಟ್ಟು ಒರೆಸಿಕೊಳ್ಳುತ್ತಿದ್ದಳು. ಪಕ್ಕದಲ್ಲಿ ಬುಟ್ಟಿ ಇಟ್ಟುಕೊಂಡಿದ್ದ ಹೆಂಗಸೊಬ್ಬಳು ಎಲ್ಲಿಂದ ಬಂದಿರಿ, ಏನು ಕೆಲಸವಿತ್ತು ಎಂದು ಮರಾಠಿಯಲ್ಲಿ ವಿಚಾರಿಸಿದಳು. ಆಯಿ ಬೆನ್ನು ನೆಟ್ಟಗೆ ಮಾಡಿ ಕುಳಿತು, ಆ ಒಡೆದ ದನಿಯಲ್ಲೇ, ತಾನು ಯುನಿವರ್ಸಿಟಿಯಲ್ಲಿ ಕಲಿಸುತ್ತೇನೆ ಎಂದಳು.