ಟೆಂಪೋ ಹತ್ತಿದ ಪಾದಗಳು

ಆಗೆಲ್ಲ ತಿಳವಳ್ಳಿಯವರು ಪಂಢರಪುರಕ್ಕೆ ಹೋಗುವುದೆಂದರೆ ನಡೆದೇ ಹೋಗುವುದು. ಕಾರ್ತಿಕ ಏಕಾದಶಿಗೆ ಎರಡು ವಾರ ಮೊದಲೇ ಭಜನೆ ಹಾಡುತ್ತ ನಡೆಯುವ ಭಕ್ತರ ಗುಂಪು, ನಮ್ಮೂರ ದಿಂಡಿ, ಹೊರಡುತ್ತಿತ್ತು. ಮುಂದೆ ತಾಳ, ಮೃದಂಗ, ತಲೆಯ ಮೇಲೆ ತುಳಸಿ ಹೊತ್ತ ಹೆಂಗಸರು. ಹಿಂದೆ ಹಾಸಿಗೆ, ರೊಟ್ಟಿಗಂಟು ಹೇರಿದ ಟೆಂಪೋ. ಐದನೇ ಇಯತ್ತೆಯಲ್ಲಿದ್ದ ನನ್ನನ್ನು ಅಪ್ಪನ ತಾಯಿ, ನಮ್ಮ ಆಯಿ, ಶಾಲೆ ಬಿಡಿಸಿ ಕರೆದೊಯ್ದಳು. ಹುಟ್ಟಿ ಮೂರು ವರ್ಷವಾದರೂ ನಾನು ಹೆಜ್ಜೆ ಇಟ್ಟಿರಲಿಲ್ಲವಂತೆ. "ಈ ಹುಡುಗಿ ನಡೆದರ ನಿನ್ನ ಬಾಗಿಲತನಕ ನಡಿಸ್ಕೊಂಡ ಬರ್ತೇನಿ" ಎಂದು ಆಯಿ ವಿಠ್ಠಲನಿಗೆ ಹರಕೆ ಹೊತ್ತಿದ್ದಳು. ನನಗೋ, ಹರಕೆಗಿಂತ ಶಾಲೆ ತಪ್ಪಿದ್ದೇ ದೊಡ್ಡ ಪ್ರಸಾದ.

ಶಿಗ್ಗಾವಿವರೆಗೆ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಊರೂರಲ್ಲಿ ಕರೆದು ಚುರುಮುರಿ, ಬೆಲ್ಲದ ಚಹಾ ಕೊಡುತ್ತಿದ್ದರು. ಶೇಂಗಾ ಚಟ್ನಿ ಹಚ್ಚಿದ ರೊಟ್ಟಿಗೆ ಟೆಂಪೋದ ಡೀಸೆಲ್ ವಾಸನೆ ಹತ್ತಿರುತ್ತಿತ್ತು, ಅದೂ ರುಚಿಯೇ. ಮೈಲಿಗಲ್ಲನ್ನು ಯಾರು ಮೊದಲು ಮುಟ್ಟುತ್ತಾರೆ ಎಂಬ ಆಟದಲ್ಲಿ ನಾನೇ ಮುಂದು. ಧಾರವಾಡ ದಾಟಿದ ಮೇಲೆ ಅಂಗಾಲಲ್ಲಿ ಗುಳ್ಳೆ ಎದ್ದವು. ಹೇಳಿದರೆ ಆಯಿ ನೊಂದುಕೊಳ್ಳುತ್ತಾಳೆಂದು ಬಾಯಿ ಬಿಡಲಿಲ್ಲ. ಜಮಖಂಡಿಯ ಹತ್ತಿರ ಒಂದು ಮಧ್ಯಾಹ್ನ, ಆಯಿ ಮುಂದಿನ ಸಾಲಿನಲ್ಲಿ ಹಾಡುತ್ತಿದ್ದಾಗ, ಸದ್ದಿಲ್ಲದೆ ಟೆಂಪೋ ಹತ್ತಿ ಹಾಸಿಗೆಗಳ ನಡುವೆ ಮಲಗಿಬಿಟ್ಟೆ. ಎಂಥ ಸುಖದ ನಿದ್ದೆ! ಸಂಜೆ ಉಳಿಯುವ ಊರು ಬಂದಾಗ ಇಳಿದು ಗುಂಪು ಸೇರಿಕೊಂಡೆ.

ದಿಂಡಿಯಲ್ಲೊಂದು ಪದ್ಧತಿಯಿದೆ. ಸಂಜೆಯ ಭಜನೆ ಮುಗಿದ ಮೇಲೆ ಎಲ್ಲರೂ ಎಲ್ಲರ ಕಾಲು ಮುಟ್ಟಿ ನಮಸ್ಕರಿಸಬೇಕು. ದೊಡ್ಡವರು, ಸಣ್ಣವರು ಎಂಬುದಿಲ್ಲ. ಅಂದು ಆಯಿ ನನ್ನ ಮುಂದೆ ಬಗ್ಗಿದಾಗ ನಾನು ಹಿಂದೆ ಸರಿದೆ.

"ಮುಟ್ಟಬ್ಯಾಡ ಆಯಿ. ನಾ ಇವತ್ತ ನಡೆದಿಲ್ಲ, ಟೆಂಪೋದಾಗ ಬಂದೇನಿ. ನಿನ್ನ ಹರಕಿ ಕೆಡಿಸಿಬಿಟ್ಟೆ."

ಅಳು ಒತ್ತರಿಸಿ ಬಂತು. ವರ್ಷಗಟ್ಟಲೆ ಕಾಯ್ದುಕೊಂಡು ಬಂದ ಹರಕೆ. ಆಯಿಯ ಮುಖ ಸಪ್ಪಗಾಯಿತು. ಆಮೇಲೆ ಅವಳ ಕಣ್ಣು ನನ್ನ ಪಾದಕ್ಕೆ ಬಿತ್ತು.

"ಅಯ್ಯ, ಇಷ್ಟ ಗುಳ್ಳಿ ಎದ್ದಾವಲ್ಲ! ಯಾಕ ಹೇಳಲಿಲ್ಲ?"

"ನೀ ನೊಂದ್ಕೋತಿ ಅಂತ."

ಆಯಿ ಮತ್ತೆ ಬಗ್ಗಿದಳು. ಎರಡೂ ಕೈಯಿಂದ ಪಾದ ಹಿಡಿದು, ಹಣೆ ಹಚ್ಚಿಯೇ ಎದ್ದಳು.

"ಹರಕಿ ಹೊತ್ತಾಕಿ ನಾನು. ಅವಂಗ ಏನ ಹೇಳಬೇಕೋ ನಾ ಹೇಳ್ತೇನಿ. ನಾಳೆ ನಡೀತಿ?"

"ನಡೀತೇನಿ."

ಹರಳೆಣ್ಣೆ ಸವರಿ, ಹಳೆಯ ಸೀರೆಯ ಅರಿವೆ ಕಟ್ಟಿದಳು. ಉಳಿದ ದಾರಿಯನ್ನು ಕುಂಟುತ್ತಲೇ ನಡೆದು ಮುಗಿಸಿದೆ. ಗುಡಿಯಲ್ಲಿ ವಿಠ್ಠಲನ ಪಾದಕ್ಕೆ ತಲೆಯಿಟ್ಟ ಆಯಿ ಏನೋ ಪಿಸುಗುಟ್ಟಿದಳು. ಹಿಂದಿನವರು ನೂಕಿದರೂ ಏಳಲಿಲ್ಲ. "ಏನ ಹೇಳಿದಿ?" ಎಂದು ಕೇಳಿದರೆ, "ಅದು ನಮ್ಮಿಬ್ಬರದು" ಎಂದು ನಕ್ಕಳು.

ಈಗ ಬೆಳಿಗ್ಗೆ ಕಾರಿನಲ್ಲಿ ಹೊರಟರೆ ಸಂಜೆಗೆ ಪಂಢರಪುರ. ವರ್ಷವೂ ಹೋಗಿ ಬರುತ್ತೇನೆ, ದರ್ಶನಕ್ಕೇನೂ ಕೊರತೆಯಿಲ್ಲ. ಹಬ್ಬದ ದಿನ ತಮ್ಮನ ಮಕ್ಕಳು ಪ್ರೀತಿಯಿಂದ ನನ್ನ ಕಾಲು ಮುಟ್ಟುತ್ತಾರೆ, ಆಶೀರ್ವಾದ ಪಡೆದು ಓಡುತ್ತಾರೆ. ಬಗ್ಗಿದಾಗ ಗುಳ್ಳೆ ಎದ್ದಿದೆಯೇ ಎಂದು ನೋಡುವವಳು ಆಯಿ ಒಬ್ಬಳೇ ಇದ್ದಳು.